ಪ್ಲಾಸ್ಟಿಕ್ ತೆಗೆದು ಸ್ಟೀಲ್ ಹಾಕಿದ ಕಥೆ

ಗುಂಡು ತೆಗೆದ ಪಿಸ್ತೂಲನ್ನು ಕೈಯಲ್ಲಿ ಹಿಡಿದು, ಹಿಡಿಯ ಹಿಂಭಾಗವನ್ನು ಉಗುರಿನಿಂದ ತಟ್ಟಿದೆ. ಟಪ್ ಟಪ್ ಅಂತು. ಬಚ್ಚಲುಮನೆಯ ಮಗ್ ತಟ್ಟಿದರೆ ಬರುತ್ತಲ್ಲ, ಅದೇ ಸದ್ದು. ಇಷ್ಟು ದುಡ್ಡು ಕೊಟ್ಟು ತಂದಿದ್ದು ಅಪ್ಪಟ ಕಬ್ಬಿಣ ಅಂದುಕೊಂಡಿದ್ದೆ. ಹೊಟ್ಟೆ ಉರಿದುಹೋಯಿತು.

ನಾನಿರುವುದು ಹ್ಯೂಸ್ಟನ್‌ನಲ್ಲಿ. ಎಚ್-1ಬಿ ವೀಸಾದಲ್ಲಿ ಇದ್ದಷ್ಟು ದಿನ ಬಂದೂಕು ಕೊಳ್ಳುವ ಯೋಚನೆಯನ್ನೇ ಮಾಡಿರಲಿಲ್ಲ, ಆ ವೀಸಾದವರಿಗೆ ಕಾನೂನಿನ ತೊಡಕು ಜಾಸ್ತಿ. ಗ್ರೀನ್ ಕಾರ್ಡ್ ಬಂದ ಮೇಲೆ ಆಫೀಸಿನ ಗೆಳೆಯರ ಜೊತೆ ಗುಂಡು ಹೊಡೆಯುವ ರೇಂಜ್‌ಗೆ ಹೋಗಿ ರುಚಿ ಹತ್ತಿತು. 1911 ಮಾದರಿಯ .45 ಪಿಸ್ತೂಲು ತಗೊಂಡೆ. .45 ಅಂದರೆ ಗುಂಡಿನ ದಪ್ಪ, ಇಂಚಿನ ಲೆಕ್ಕದಲ್ಲಿ. ಜಾನ್ ಬ್ರೌನಿಂಗ್ ರೂಪಿಸಿದ್ದು. ಅಮೆರಿಕದ ಸೇನೆ ಅದನ್ನು ಒಪ್ಪಿಕೊಂಡ ವರ್ಷವೇ ಅದರ ಹೆಸರು. ಖಾಲಿ ಇದ್ದಾಗಲೇ ಒಂದು ಕಿಲೋ ದಾಟುತ್ತದೆ. ಆ ಭಾರವೇ ನನಗೆ ಇಷ್ಟವಾಗಿದ್ದು.

ನಾನು ತಟ್ಟಿದ ಭಾಗಕ್ಕೆ ಮೇನ್‌ಸ್ಪ್ರಿಂಗ್ ಹೌಸಿಂಗ್ ಅಂತಾರೆ. ಹಿಡಿದಾಗ ಅಂಗೈಯ ಬುಡ ಕೂರುವುದು ಅದರ ಮೇಲೆ. ಒಳಗೆ ಒಂದು ಗಟ್ಟಿ ಸ್ಪ್ರಿಂಗ್ ಇದೆ, ಗುಂಡು ಹಾರಿಸಲು ಬಡಿಯುವ ಪುಟ್ಟ ಸುತ್ತಿಗೆ, ಅಂದರೆ ಹ್ಯಾಮರ್‌ಗೆ ಬಲ ಕೊಡುವುದು ಅದೇ. ಹಳೆಯ ಸೇನೆ ಪಿಸ್ತೂಲುಗಳಲ್ಲಿ ಈ ಹೌಸಿಂಗ್ ಸ್ಟೀಲಿನದು. ಈಗಿನ ಎಷ್ಟೋ ಪಿಸ್ತೂಲುಗಳಲ್ಲಿ ಖರ್ಚು ಉಳಿಸಲು ಪ್ಲಾಸ್ಟಿಕ್ ಹಾಕುತ್ತಾರೆ. ಬಣ್ಣ ಒಂದೇ ಕಪ್ಪು. ತಟ್ಟುವ ತನಕ ಗೊತ್ತಾಗುವುದಿಲ್ಲ.

ಸರಿ, ಸ್ಟೀಲಿನದು ತರಿಸಿದೆ. ಎರಡನ್ನೂ ಒಂದೊಂದು ಅಂಗೈಯಲ್ಲಿ ಇಟ್ಟುಕೊಂಡು ನೋಡಿದೆ. ಒಂದು ಸಣ್ಣ ನಿಂಬೆಹಣ್ಣಿನಷ್ಟು ತೂಕದ ವ್ಯತ್ಯಾಸ, ಅಷ್ಟೇ. ಇಂಚಿಗೆ 20 ಗೆರೆ ಕೊರೆದ ಸ್ಟೀಲು ಮಾತ್ರ ಚೆನ್ನಾಗಿ ಕೈಗೆ ಕಚ್ಚುತ್ತಿತ್ತು.

ಬದಲಾಯಿಸುವುದು ಹತ್ತು ನಿಮಿಷದ ಕೆಲಸ ಅಂದುಕೊಂಡಿದ್ದೆ. ಮಧ್ಯಾಹ್ನ ಪೂರ್ತಿ ಹೋಯಿತು. ಗುಂಡು ತುಂಬುವ ಮ್ಯಾಗಝಿನ್ ತೆಗೆದು, ನಳಿಗೆಯ ಬುಡದಲ್ಲಿ ಗುಂಡು ಕೂರುವ ಚೇಂಬರ್‌ಗೆ ಬೆರಳು ಹಾಕಿ ಎರಡು ಸಲ ನೋಡಿ, ಹ್ಯಾಮರ್ ಇಳಿಸಿ, ಕೆಳಗಿನ ಪಿನ್ನನ್ನು ಪಂಚ್ ಇಟ್ಟು ಹೊರಗೆ ಹೊಡೆದೆ. ಹಳೆಯ ಹೌಸಿಂಗ್ ಸಲೀಸಾಗಿ ಜಾರಿ ಬಂತು. ಅದರೊಳಗಿನ ಸ್ಪ್ರಿಂಗ್ ಬಿಡಿಸಲು ಹೋದಾಗ ಸ್ಪ್ರಿಂಗಿನ ತಲೆ ಮೇಲಿನ ಪುಟ್ಟ ಟೋಪಿ ಕೈತಪ್ಪಿತು. ಮೂಲ ಸ್ಪ್ರಿಂಗ್ 23 ಪೌಂಡಿನದು, ಅಂದರೆ ಹತ್ತು ಕಿಲೋಗಿಂತ ಹೆಚ್ಚಿನ ಒತ್ತಡ. ಟೋಪಿ ಗೋಡೆಗೆ ಬಡಿದು ಫ್ರಿಜ್ ಕೆಳಗೆ ಹೋಯಿತು. ಹೆಂಡತಿ ಬಂದು ನೋಡಿ, "ಏನ್ರೀ, ಯುದ್ಧ ಮನೇಲೇ ಶುರುವಾಯ್ತಾ?" ಅಂದಳು. ಎರಡನೇ ಸಲ ಬಿಡಿಸುವಾಗ ಕನ್ನಡಕ ಹಾಕಿಕೊಂಡು, ಬಟ್ಟೆ ಸುತ್ತಿಕೊಂಡೇ ಮಾಡಿದೆ.

ಹೊಸ ಹೌಸಿಂಗ್ ಕೂರಲೇ ಇಲ್ಲ. ಪ್ಲಾಸ್ಟಿಕ್ ಸ್ವಲ್ಪ ಬಾಗಿ ಹೊಂದಿಕೊಳ್ಳುತ್ತದೆ. ಸ್ಟೀಲು ಜಪ್ಪಯ್ಯ ಅಂದರೂ ಬಾಗದು. ಫ್ರೇಮಿನ, ಅಂದರೆ ಪಿಸ್ತೂಲಿನ ಮೈಯ, ತೋಡಿಗೆ ಉಜ್ಜಿ ಸ್ವಲ್ಪ ಮೇಲೆ ಹೋಗಿ ನಿಂತುಬಿಟ್ಟಿತು. ಮಾರ್ಕರ್‌ನಿಂದ ಕಪ್ಪು ಬಳಿದು ಹಾಕಿ ನೋಡುವುದು, ಬಣ್ಣ ಉಜ್ಜಿಹೋದ ಕಡೆ ಸಣ್ಣ ಅರದಿಂದ ನಾಲ್ಕು ಎಳೆ ಎಳೆಯುವುದು, ಮತ್ತೆ ಹಾಕಿ ನೋಡುವುದು. ಅರ ಹಾಕಿದ್ದು ಹೌಸಿಂಗಿಗೆ ಮಾತ್ರ, ಫ್ರೇಮಿಗಲ್ಲ. ಹೌಸಿಂಗ್ ಹಾಳಾದರೆ ಇನ್ನೊಂದು ತರಬಹುದು.

ಕೊನೆಗೂ ಕೂತಿತು. ಖುಷಿಯಿಂದ ಟ್ರಿಗರ್ ಪರೀಕ್ಷೆ ಮಾಡಿದರೆ ಸತ್ತುಹೋಗಿದೆ! ಹೌಸಿಂಗಿನ ಮುಂದೆ ಟ್ರಿಗರ್‌ಗೆ ಬಲ ಕೊಡುವ ಮೂರು ಕಾಲಿನ ಪಟ್ಟಿ ಸ್ಪ್ರಿಂಗ್ ಇರುತ್ತದೆ. ಅದರ ಬುಡವನ್ನು ಅದುಮಿ ಹಿಡಿಯುವುದು ಈ ಹೌಸಿಂಗೇ. ನನ್ನ ತಳ್ಳಾಟದಲ್ಲಿ ಅದು ಜಾಗ ತಪ್ಪಿತ್ತು. ಮತ್ತೆ ಎಲ್ಲ ಬಿಚ್ಚಿದೆ. ಸ್ಪ್ರಿಂಗನ್ನು ಅದರ ಸಂದಿಯಲ್ಲಿ ಕೂರಿಸಿ, ಹೌಸಿಂಗನ್ನು ಮುಕ್ಕಾಲು ಭಾಗ ತಳ್ಳಿ ಅದನ್ನು ಅಲುಗಾಡದಂತೆ ಮಾಡಿಕೊಂಡು, ಆಮೇಲೆ ಉಳಿದಿದ್ದನ್ನು ಜೋಡಿಸಿದೆ. ಹೀಗೆ ಮಾಡಿದರೆ ಜಾರುವುದಿಲ್ಲ.

ಲೋಹದ ಹುಚ್ಚು ಹತ್ತಿದ್ದ ಆ ದಿನಗಳಲ್ಲೇ ನಾನೊಂದು ಪ್ಲಾಸ್ಟಿಕ್ಕನ್ನು ಕೈಯಾರೆ ಒಳಗೆ ಸೇರಿಸಿದ್ದೆ, ನೋಡಿ. ಗುಂಡು ಹಾರಿದಾಗ ಸ್ಲೈಡ್ (ಪಿಸ್ತೂಲಿನ ಮೇಲೆ ಹಿಂದೆ ಮುಂದೆ ಜಾರುವ ಭಾಗ) ಹಿಂದೆ ಬಂದು ಬಡಿಯುವ ಜಾಗಕ್ಕೆ ನೀಲಿ ಬಣ್ಣದ ಒಂದು ತೆಳು ಬಫರ್ ಸಿಗುತ್ತದೆ. ಫ್ರೇಮಿಗೆ ಏಟು ಕಮ್ಮಿಯಾಗಲಿ ಅಂತ ಹಾಕಿದ್ದೆ. ಕೆಲವು ನೂರು ಗುಂಡು ಆದ ಮೇಲೆ ಒಂದು ಶನಿವಾರ ಸ್ಲೈಡ್ ಅರ್ಧಕ್ಕೇ ನಿಂತಿತು. ಬಿಚ್ಚಿದರೆ ಬಫರ್ ಚಿಂದಿ ಚಿಂದಿ. ನೀಲಿ ಚೂರುಗಳು ತುರಿದ ತೆಂಗಿನಕಾಯಿಯ ಹಾಗೆ ಎಲ್ಲ ಕಡೆ ಅಂಟಿಕೊಂಡಿದ್ದವು. ನಾನು ಬೈದು ತೆಗೆದಿದ್ದ ಹೌಸಿಂಗಿನಲ್ಲಿ ಒಂದು ಬಿರುಕೂ ಇರಲಿಲ್ಲ. ಅದರ ಮೇಲೆ ಬರುವುದು ಒತ್ತಡ, ಏಟಲ್ಲ. ಒತ್ತಡವನ್ನು ಒಳ್ಳೆಯ ಪ್ಲಾಸ್ಟಿಕ್ ಆರಾಮಾಗಿ ತಡೆಯುತ್ತದೆ.

ಗೆಳೆಯನ ಗ್ಲಾಕ್ ನೋಡಿದರೂ ಅದೇ ಲೆಕ್ಕ. ಆಸ್ಟ್ರಿಯಾದ ಸೇನೆ 1982ರಲ್ಲಿ ಒಪ್ಪಿಕೊಂಡ ಪಿಸ್ತೂಲು, ಫ್ರೇಮು ಪೂರ್ತಿ ಪ್ಲಾಸ್ಟಿಕ್. ಆದರೆ ಸ್ಲೈಡ್ ಓಡುವ ಜಾಗದಲ್ಲಿ ಸ್ಟೀಲ್ ಪಟ್ಟಿಗಳನ್ನು ಒಳಗೇ ಹುದುಗಿಸಿದ್ದಾರೆ. ಅದಕ್ಕೆ ಯಾರೂ ಮೂಗು ಮುರಿಯುವುದಿಲ್ಲ. ಹಳೆಯ ಮಾದರಿಯಲ್ಲಿ ಕಂಡರೆ ಮಾತ್ರ ನಮಗೆ ಮೋಸ ಅನ್ನಿಸುತ್ತದೆ. ಆದರೆ ಎರಡನೇ ಮಹಾಯುದ್ಧದ ಅಸಲಿ 1911ಎ1 (1911ರದೇ ತಿದ್ದಿದ ರೂಪ) ಪಿಸ್ತೂಲುಗಳಿಗೇ ಕಂದು ಪ್ಲಾಸ್ಟಿಕ್ಕಿನ ಹಿಡಿ ಪಟ್ಟಿಗಳಿದ್ದವು. ಆ ಪಿಸ್ತೂಲುಗಳನ್ನು ಲಕ್ಷಗಟ್ಟಲೆ ಮಾಡಿಕೊಟ್ಟಿದ್ದು ರೆಮಿಂಗ್ಟನ್ ರ್ಯಾಂಡ್, ಟೈಪ್‌ರೈಟರ್ ಕಂಪನಿ! ಈಗ ಅಂಗಡಿಯಲ್ಲಿ ಮರದ ಪಟ್ಟಿ ಹಾಕಿ ಕ್ಲಾಸಿಕ್ ಅಂತ ಮಾರುತ್ತಾರೆ.

ಲೋಹ ಅಂದ ತಕ್ಷಣ ಸ್ಟೀಲ್ ಅಂತಲೂ ಅಲ್ಲ. ಇನ್ನೊಬ್ಬ ಗೆಳೆಯನ ಹತ್ತಿರ 1911 ಥರವೇ ಕಾಣುವ .22 ಪಿಸ್ತೂಲಿದೆ. ಫ್ರಿಜ್ ಮೇಲಿನ ಅಯಸ್ಕಾಂತ ಅದರ ಸ್ಲೈಡಿಗೆ ಹಿಡಿಸಿದೆವು, ಜಾರಿ ಬಿತ್ತು. ಸತುವಿನ ಮಿಶ್ರಲೋಹ. .22ರ ಸಣ್ಣ ಏಟಿಗೆ ಅದು ಸಾಕು. .45ಕ್ಕೆ ನಾನಂತೂ ಒಪ್ಪಲಾರೆ.

ಇನ್ನು ನನ್ನ ಸ್ಟೀಲ್ ಹೌಸಿಂಗಿನ ಗತಿ. ಆಯುಧಪೂಜೆಗೆ ಕಾರು, ಲ್ಯಾಪ್‌ಟಾಪ್ ಜೊತೆ ಖಾಲಿ ಪಿಸ್ತೂಲನ್ನೂ ಇಟ್ಟಿದ್ದೆವು. ಹೆಂಡತಿ ನೀರಲ್ಲಿ ಕಲಸಿದ ಅರಿಶಿನ ಕುಂಕುಮ ಹಚ್ಚಿದಳು. ಪೂಜೆ ಮುಗಿದ ಮೇಲೆ ಮೇಲ್ಮೇಲೆ ಒರೆಸಿ ಸೇಫ್‌ನಲ್ಲಿಟ್ಟೆ. ಹ್ಯೂಸ್ಟನ್ ಸೆಕೆ ಮಂಗಳೂರಿನ ಥರವೇ, ಗಾಳಿಯಲ್ಲೇ ನೀರು. ಎರಡು ವಾರ ಬಿಟ್ಟು ತೆಗೆದರೆ ಹೌಸಿಂಗಿನ ಗೆರೆಗಳ ಸಂದಿಯಲ್ಲಿ ಇನ್ನೂ ಕೆಂಪು. ಕುಂಕುಮ ಉಳಿದಿದೆ ಅಂತ ಹಲ್ಲುಜ್ಜುವ ಬ್ರಷ್‌ನಿಂದ ತಿಕ್ಕಿದೆ. ಒಂದಿಷ್ಟು ಹೋಯಿತು, ಇನ್ನೊಂದಿಷ್ಟು ಹೋಗಲಿಲ್ಲ. ಹೋಗದೇ ಉಳಿದಿದ್ದು ತುಕ್ಕು.

ಎಣ್ಣೆ ಹಾಕಿ ಕಂಚಿನ ಬ್ರಷ್‌ನಲ್ಲಿ ತಿಕ್ಕಿದ ಮೇಲೆ ಅಲ್ಲಲ್ಲಿ ಕಲೆ ಉಳಿಯಿತು. ಆದರೂ ಸ್ಟೀಲನ್ನೇ ಬಿಟ್ಟಿದ್ದೇನೆ, ಕೈಗೆ ಹಿತ. ಪ್ಲಾಸ್ಟಿಕ್ಕಿನದು ಡ್ರಾಯರ್‌ನಲ್ಲಿದೆ, ಮೊನ್ನೆ ತೆಗೆದು ನೋಡಿದೆ, ಹೊಸದರ ಹಾಗೇ ಇದೆ. ಈ ಸಲ ಕುಂಕುಮ ಪಿಸ್ತೂಲಿನ ಡಬ್ಬಿಗೆ ಹಚ್ಚೋಣ ಅಂತ ಮನೆಯಲ್ಲಿ ಹೇಳಿದ್ದೇನೆ. ಡಬ್ಬಿ ಪ್ಲಾಸ್ಟಿಕ್ಕಿನದು.