ರಾಕ್ಷಸನ್ನ ಒಂಟಿಯಾಗಿ ನಿಲ್ಲಿಸ್ಬೇಡಿ: ಎನ್‌ಕೌಂಟರ್ ಕಟ್ಟೋದು ಹೇಗೆ

ಹೋದ ಮಳೆಗಾಲ ಕಾರವಾರದಲ್ಲಿ ಪರಿಚಯದವರ ಮನೇಲಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟಕ್ಕೆ ಕೂತಿದ್ದೆ. ಡಿಎಂ, ಅಂದ್ರೆ ಆಟ ನಡೆಸೋ ಡಂಜನ್ ಮಾಸ್ಟರ್ ಆಗಿದ್ದ ಹುಡುಗ ಮೂರು ವಾರ ಕಷ್ಟಪಟ್ಟು ಕಥೆ ಬರ್ದಿದ್ದ, ಮ್ಯಾಪಿಗೆ ಬಣ್ಣ ಹಚ್ಚಿದ್ದ, ಆದ್ರೆ ಕೊನೇಲಿ ಬಂದ ಓಗರ್ ಇದ್ಯಲ್ಲ, ಹತ್ತಡಿ ಎತ್ತರದ ಹೊಟ್ಟೆಬಾಕ ರಾಕ್ಷಸ, ಅದನ್ನ ಖಾಲಿ ಹಾಲ್‌ನ ನಟ್ಟನಡುವೆ ಒಂದನ್ನೇ ನಿಲ್ಸಿಬಿಟ್ಟಿದ್ದ. ನಾವು ನಾಲ್ಕೂ ಜನ ಸುತ್ತ ನಿಂತು ಬಡಿದ್ವಿ. ಎರಡನೇ ರೌಂಡಿಗೆ ಸತ್ತೋಯ್ತು. "ಅಣ್ಣ, ಇಷ್ಟೇನಾ?" ಅಂತ ಪಕ್ಕದವ ಕೇಳ್ದ. ಆ ಹುಡುಗನ ಮುಖ ನೋಡಿ ನಂಗೆ ನಿಜವಾಗ್ಲೂ ಬೇಜಾರಾಯ್ತು, ಯಾಕಂದ್ರೆ ಇದೇ ತಪ್ಪನ್ನ ನಾನು ಶಿರಸಿಯಲ್ಲೂ ನೋಡಿದ್ದೀನಿ, ಕುಮಟಾದಲ್ಲೂ ನೋಡಿದ್ದೀನಿ.

ಗೊತ್ತಿಲ್ದವರಿಗೆ ಎರಡು ಮಾತು. ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಅನ್ನೋ ಈ ಆಟ 1974ರಲ್ಲಿ ಅಮೆರಿಕದಲ್ಲಿ ಬಂದಿದ್ದು, ಗ್ಯಾರಿ ಗೈಗ್ಯಾಕ್ಸ್ ಮತ್ತೆ ಡೇವ್ ಆರ್ನ್‌ಸನ್ ಸೇರಿ ಮಾಡಿದ್ದು. ತಾಳಮದ್ದಲೆ ಕೇಳಿದೋರಿಗೆ ಬೇಗ ಅರ್ಥ ಆಗ್ತದೆ: ವೇಷ ಇಲ್ಲ, ಕೂತಲ್ಲೇ ಪಾತ್ರದ ಮಾತು. ಡಿಎಂ ಲೋಕ ನಡೆಸ್ತಾನೆ, ಮಿಕ್ಕವರದ್ದು ಒಬ್ಬೊಬ್ರದ್ದು ಒಂದೊಂದು ಪಾತ್ರ, ಏಟು ತಾಗ್ತೋ ಇಲ್ವೋ ಅಂತ ಇಪ್ಪತ್ತು ಮುಖದ ದಾಳ ಹೇಳ್ತದೆ. ಈ ಪಾತ್ರಗಳಿಗೂ ರಾಕ್ಷಸರಿಗೂ ಮುಖಾಮುಖಿ ಆಗೋ ಸನ್ನಿವೇಶಕ್ಕೆ ಎನ್‌ಕೌಂಟರ್ ಅಂತಾರೆ.

ಮೊದಲು ರಾಕ್ಷಸನ್ನ ಆರ್ಸಿಕೊಳ್ಳಿ. ಇದಕ್ಕೆ ದುಡ್ಡು ಹಾಕೋದು ಬೇಡ, ಕದ್ದ ಪಿಡಿಎಫ್ ಅಂತೂ ಬೇಡ್ವೇ ಬೇಡ. ಆಟದ ಮೂಲ ನಿಯಮಗಳ ಭಾಗ 2023ರಿಂದ ಕ್ರಿಯೇಟಿವ್ ಕಾಮನ್ಸ್ ಲೈಸೆನ್ಸಲ್ಲಿ ಎಲ್ರಿಗೂ ಫ್ರೀ ಇದೆ, ಓಗರ್, ಗಾಬ್ಲಿನ್ ಅನ್ನೋ ಗಿಡ್ಡ ರಾಕ್ಷಸ, ತೋಳ, ಡ್ರ್ಯಾಗನ್ ಎಲ್ಲಾ ಅದ್ರೊಳಗೇ ಇದ್ದಾವೆ.

ಎರಡನೇದು, ಅದಕ್ಕೆ ಏನು ಬೇಕು ಅಂತ ಒಂದೇ ಸಾಲಲ್ಲಿ ಬರೀರಿ. "ಅಕ್ಕಿ ಮೂಟೆ ಬೇಕು." ಸಾಕು.

ಈಗ ಎಲ್ರೂ ಎಡವೋ ಜಾಗ: ಲೆಕ್ಕ. ಇಲ್ಲಿ ಸ್ವಲ್ಪ ನಿಧಾನಕ್ಕೆ ಓದಿ. ಪ್ರತಿ ರಾಕ್ಷಸಂಗೂ ಒಂದು ಎಕ್ಸ್‌ಪಿ ಬೆಲೆ, ಅಂದ್ರೆ ಗೆದ್ರೆ ಸಿಗೋ ಅನುಭವದ ಅಂಕ ಇರ್ತದೆ, ಓಗರ್‌ಗೆ 450, ಗಾಬ್ಲಿನ್‌ಗೆ 50. ಮೂರನೇ ಲೆವೆಲಿನ ನಾಲ್ಕು ಜನ ಪ್ಲೇಯರ್ ಇದ್ರೆ 2014ರ ನಿಯಮದ ಪ್ರಕಾರ ರಾಕ್ಷಸರ ಒಟ್ಟು ಬೆಲೆ 300 ಅಂದ್ರೆ ಸುಲಭ, 600 ಮಧ್ಯಮ, 900 ಕಷ್ಟ, 1600 ಪ್ರಾಣಾಪಾಯ. ಹಂಗಾದ್ರೆ ಒಂಟಿ ಓಗರ್ ಸುಲಭಕ್ಕಿಂತ ಸ್ವಲ್ಪ ಮೇಲೆ, ಅಷ್ಟೇ. ಯಾಕೆ ಅಂತ ನೋಡಿ. ಅದರ ಎಚ್‌ಪಿ (ಜೀವದ ಅಂಕ, ಸೊನ್ನೆ ಆದ್ರೆ ಬೀಳ್ತದೆ) 59, ಆರ್ಮರ್ ಕ್ಲಾಸ್ (ಏಟು ತಾಗೋಕೆ ದಾಳ, ಪಾತ್ರದ ಬಲ ಎರಡೂ ಕೂಡಿ ಮುಟ್ಬೇಕಾದ ಅಂಕ) ಬರೀ 11, ಅಂದ್ರೆ ನಮ್ಮವರ ನಾಲ್ಕು ಏಟಲ್ಲಿ ಮೂರು ತಾಗ್ತವೆ. ಒಂದು ರೌಂಡಲ್ಲಿ ನಮ್ಮವರಿಗೆ ನಾಲ್ಕು ಸರದಿ, ಅದಕ್ಕೆ ಒಂದು. ಅದು ಎರಡು ಸಲ ಗದೆ ಬೀಸೋದ್ರೊಳಗೆ ನಮ್ಮವರು ಎಂಟು ಸಲ ಹೊಡೆದಾಗಿರ್ತದೆ. ಅದರ ಗದೆ ತಾಗಿದ್ರೆ ಸರಾಸರಿ 13 ಹೋಗ್ತದೆ, ಜೋರೇ, ಆದ್ರೆ ತಾಗಕ್ಕೆ ಸರದಿ ಬರ್ಬೇಕಲ್ಲ! ಸುಮಾರು ಜನ ಇದನ್ನ ನೋಡಿ ಓಗರ್‌ನ ಎಚ್‌ಪಿ ನೂರಕ್ಕೆ ಏರಿಸ್ತಾರೆ. ಮಾಡ್ಬೇಡಿ. ಅದ್ರಿಂದ ಜಗಳ ಉದ್ದ ಆಗ್ತದೆ, ರುಚಿ ಆಗಲ್ಲ, ಮಕ್ಕಳು ಮೊಬೈಲ್ ತೆಗೀತಾರೆ.

ಸರದಿ ಕೊಡಿ. ಓಗರ್ ಜೊತೆ ನಾಲ್ಕು ಗಾಬ್ಲಿನ್ ಹಾಕಿ. ಒಟ್ಟು 650 ಆಯ್ತು, ಆದ್ರೆ ಮೂರರಿಂದ ಆರು ರಾಕ್ಷಸರಿದ್ರೆ ಎರಡ್ರಿಂದ ಗುಣಿಸ್ಬೇಕು ಅಂತ ಹಳೇ ನಿಯಮ, ಅಲ್ಲಿಗೆ 1300. ಕಷ್ಟದ ಪಟ್ಟಿ ದಾಟ್ತು, ಪ್ರಾಣಾಪಾಯಕ್ಕೆ ಹೋಗ್ಲಿಲ್ಲ. ಈ ಗುಣಾಕಾರ ಬರೀ ತೂಕ ನೋಡಕ್ಕೆ, ಆಮೇಲೆ ಪ್ಲೇಯರ್‌ಗಳಿಗೆ ಹಂಚೋದು 650 ಮಾತ್ರ, ಇದನ್ನ ಗೊಂದಲ ಮಾಡ್ಕೊಂಡೋರು ಬೇಕಾದಷ್ಟು ಜನ ಇದ್ದಾರೆ. 2024ರ ಹೊಸ ಪುಸ್ತಕದಲ್ಲಿ ಗುಣಾಕಾರ ತೆಗೆದುಬಿಟ್ಟಿದ್ದಾರೆ. ನಾನು ಹಳೇದನ್ನೇ ಇಟ್ಕೊಂಡಿದ್ದೀನಿ, ಹೊಸಬರಿಗೂ ಅದನ್ನೇ ಹೇಳ್ತೀನಿ, ಯಾಕಂದ್ರೆ ಗುಂಪಿನ ಅಪಾಯ ಅದ್ರಲ್ಲಿ ಕಣ್ಣಿಗೆ ಕಾಣ್ತದೆ. ಯಾವ್ದಾದ್ರೂ ಒಂದು ಹಿಡೀರಿ, ಎರಡನ್ನೂ ಕಲಸಬೇಡಿ. ಆನ್‌ಲೈನ್ ಕ್ಯಾಲ್ಕುಲೇಟರ್‌ಗಳು ಕೂಡ ಇದಾವೆ, ಕೂಡಿಸೋಕೆ ಬಳಸಿ, ಆದ್ರೆ ಅದು "ಮಧ್ಯಮ" ಅಂದಿದ್ದನ್ನ ಹಾಗೇ ನಂಬಬೇಡಿ, ಅದಕ್ಕೆ ನಿಮ್ಮ ಜಾಗದ ಗುಟ್ಟು ಗೊತ್ತಿರಲ್ಲ. ಇನ್ನೊಂದು, ಒಂದನೇ ಲೆವೆಲಿನವರ ಮುಂದೆ ಓಗರ್ ತರಲೇಬೇಡಿ, ಏಳೆಂಟು ಎಚ್‌ಪಿ ಇರೋ ಮಂತ್ರವಾದಿ ಒಂದೇ ಏಟಿಗೆ ನೆಲ ಕಚ್ತಾನೆ.

ಲೆಕ್ಕದಷ್ಟೇ ಮುಖ್ಯ ಜಾಗ. ಖಾಲಿ ರೂಮು ಬೇಡ. ನಮ್ಮಲ್ಲಿ ಜಾಗಕ್ಕೇನು ಬರವೇ? ಯಾಣದ ಕಲ್ಲಿನ ಸಂದಿ, ಮಿರ್ಜಾನ್ ಕೋಟೆಯ ಪಾಚಿ ಹಿಡಿದ ಚಿರೆಕಲ್ಲು, ಅಘನಾಶಿನಿಯ ಉಪ್ಪುನೀರಿನ ಗಜನಿ ಗದ್ದೆ, ಯಾವ್ದು ಬೇಕಾದ್ರೂ ತಗೊಳ್ಳಿ. ನಾನು ತಗೊಂಡಿದ್ದು ಕಾಲುಸಂಕ. ಮಳೆಗಾಲದ ಹಳ್ಳ, ಅದರ ಮೇಲೆ ಜೋಡಿಸಿ ಕಟ್ಟಿದ ಅಡಿಕೆ ಮರದ ಸಂಕ, ಹಿಡ್ಕೊಳ್ಳೋಕೆ ಒಂದೇ ಕಡೆ ಬಿದಿರು, ಮರದ ಮೇಲೆಲ್ಲ ಜಾರೋ ಹಾವಸೆ. ನಿಯಮದಲ್ಲಿ ಸಂಕದ ಅಗಲ ಐದಡಿ ಅಂತ ಇಟ್ಟೆ. ಓಗರ್‌ಗೆ ನಿಲ್ಲೋಕೆ ಹತ್ತಡಿ ಬೇಕು, ಹಾಗಾಗಿ ಅದು ಸಂಕದ ಮೇಲೆ ಬರಲ್ಲ, ಆಚೆ ತುದೀಲಿ ದಾರಿ ಅಡ್ಡಗಟ್ಟಿ ನಿಲ್ತದೆ. ಒಂದೇ ಸಾಲಲ್ಲಿ ದಾಟ್ಬೇಕಾದ ನಮ್ಮವರಲ್ಲಿ ಅದರ ಕೈಗೆಟುಕೋದು ಒಬ್ಬನೇ. ಗಾಬ್ಲಿನ್‌ಗಳು ಪೊದೇಲಿ ಬಿಲ್ಲು ಹಿಡ್ಕೊಂಡು, ಒಂದು ಬಾಣ ಬಿಟ್ಟು ಮತ್ತೆ ಅಡಗ್ತಾವೆ, ಅವಕ್ಕೆ ಆ ಕಲೆ ಹುಟ್ಟಿನಿಂದ್ಲೇ ಇದೆ. ಸಂಕದ ಮೇಲೆ ಏಟು ತಿಂದೋರು ಚುರುಕುತನದ ದಾಳ ಹಾಕ್ಬೇಕು, ಹತ್ತು ಬರ್ಲಿಲ್ಲ ಅಂದ್ರೆ ಹಳ್ಳಕ್ಕೆ. ಅವೇ ಐದು ರಾಕ್ಷಸರು, ಅದೇ ಎಚ್‌ಪಿ, ಆದ್ರೆ ಕಾರವಾರದ ಆ ಹಾಲ್‌ಗೂ ಇದಕ್ಕೂ ಸಂಬಂಧವೇ ಇಲ್ಲ. ಒಂದು ಎಚ್ಚರಿಕೆ ಏನಂದ್ರೆ, ಜಾಗ ರಾಕ್ಷಸರಿಗೆ ಮಾತ್ರ ಸಹಾಯ ಮಾಡಿದ್ರೆ ಅದು ಅನ್ಯಾಯ. ನಾನು ಈಚೆ ದಡದಲ್ಲಿ ಒಂದು ದೊಡ್ಡ ಬಂಡೆ ಇಟ್ಟಿದ್ದೆ ಮರೆಗೆ, ಕೆಳಗಡೆ ಎದೆಮಟ್ಟ ನೀರಿನ ಹಾದಿನೂ ಇತ್ತು.

ಮುಂದಿಂದು ಸೂಚನೆ. ಯಕ್ಷಗಾನದಲ್ಲಿ ಬಣ್ಣದ ವೇಷ ಬರೋಕೆ ಮುಂಚೆ ತೆರೆ ಹಿಂದಿಂದ ಅಬ್ಬರ ಕೇಳ್ತದಲ್ಲ, ಚಂಡೆ ಏರ್ತದಲ್ಲ, ಹಂಗೆ. ಸಂಕದ ದಾರೀಲಿ ಹರಿದ ಗೋಣಿಚೀಲ, ಚೆಲ್ಲಿದ ಅಕ್ಕಿ, ಆಳಕ್ಕೆ ಹೂತಿರೋ ದೊಡ್ಡ ಹೆಜ್ಜೆ. ನೋಡಿದೋರು ತಯಾರಾಗ್ತಾರೆ, ಬೇಕಾದ್ರೆ ವಾಪಸ್ಸೂ ಹೋಗ್ತಾರೆ.

ಆಮೇಲೆ ಜಗಳ ಯಾವಾಗ ನಿಲ್ತದೆ ಅಂತ ಮೊದಲೇ ಬರ್ದಿಡಿ. ಎರಡು ಗಾಬ್ಲಿನ್ ಬಿದ್ರೆ ಮಿಕ್ಕವು ಓಡ್ತಾವೆ. ಓಗರ್ ಅಕ್ಕಿ ಸಿಕ್ರೆ ಬಿಡ್ತದೆ. ಸಾಯೋವರೆಗೂ ಹೊಡೆದಾಡೋ ಗಾಬ್ಲಿನ್ ನಂಬೋ ಹಾಗೆ ಇರಲ್ಲ. ಆಟದ ಮಧ್ಯ ಕದ್ದು ಎಚ್‌ಪಿ ಕಡಿಮೆ ಮಾಡೋ ಅಭ್ಯಾಸ ಕೆಲವರಿಗಿದೆ, ಅದನ್ನ ಬಿಡಿ, ಪ್ಲೇಯರ್‌ಗಳಿಗೆ ಒಂದು ದಿನ ಗೊತ್ತಾಗೇ ಆಗ್ತದೆ, ಆಮೇಲೆ ಅವರ ಗೆಲುವಿಗೆ ಬೆಲೆ ಇರಲ್ಲ.

ಸಾಮಾನಿನ ವಿಷ್ಯ. ಬಣ್ಣದ ಗೊಂಬೆ ಬೇಕಾಗಿಲ್ಲ, ಒಂದು ಗೋಟಡಿಕೆ ಓಗರ್, ನಾಲ್ಕು ಹುಣಸೆಬೀಜ ಗಾಬ್ಲಿನ್. ದಾಳ ಮಾತ್ರ ನೋಡಿ ತಗೊಳ್ಳಿ. ನಾನು ಆನ್‌ಲೈನಲ್ಲಿ ಅಗ್ಗದ ಸೆಟ್ ತರಿಸಿ ಒಂದು ವರ್ಷ ಮೋಸ ಹೋದೆ, ಒಳಗೆ ಗಾಳಿಗುಳ್ಳೆ ಇತ್ತು. ಗ್ಲಾಸ್ ನೀರಿಗೆ ಪ್ಲಾಸ್ಟಿಕ್ ದಾಳ ತೇಲೋವಷ್ಟು ಉಪ್ಪು ಕರಗಿಸಿ, ಬೆರಳಲ್ಲಿ ತಿರುಗಿಸ್ತಾ ಇರಿ, ಹತ್ತು ಸಲದಲ್ಲಿ ಎಂಟು ಸಲ ಅದೇ ನಂಬರ್ ಮೇಲೆ ಬಂತು ಅಂದ್ರೆ ಅದನ್ನ ಎತ್ತಿಡಿ. ಗಾಬ್ಲಿನ್‌ಗಳಿಗೆಲ್ಲ ಸೇರಿಸಿ ಇನಿಶಿಯೇಟಿವ್ ದಾಳ, ಅಂದ್ರೆ ಯಾರ ಸರದಿ ಮೊದಲು ಅಂತ ಹೇಳೋ ದಾಳ, ಒಂದೇ ಸಲ ಹಾಕಿ, ಟೈಮ್ ಉಳೀತದೆ.

ಆಟ ಮುಗಿದ್ಮೇಲೆ ಎಷ್ಟು ರೌಂಡ್ ಆಯ್ತು, ಯಾರು ಬೇಜಾರಲ್ಲಿ ಕೂತಿದ್ರು ಅಂತ ನೋಟ್‌ಬುಕ್ಕಲ್ಲಿ ಬರ್ಕೊಳ್ಳಿ. ಶಿರಸಿಯ ನಮ್ಮನೇಲಿ ಕರೆಂಟ್ ಹೋದ ಸಂಜೆ ಸಂಕದ ಆಟ ಐದು ರೌಂಡ್ ನಡೀತು. ಎರಡು ಗಾಬ್ಲಿನ್ ಬಿದ್ವು, ಮಿಕ್ಕೆರಡು ಓಡಿಹೋದ್ವು, ನಮ್ಮವರಲ್ಲಿ ಇಬ್ರು ಹಳ್ಳಕ್ಕೆ ಬಿದ್ದಿದ್ರು. ಆಗ ಅಕ್ಕನ ಮಗಳು ಕೇಳಿದ್ಲು, "ಮಾವ, ಅದಕ್ಕೆ ಬೇಕಾದ್ದು ಅಕ್ಕಿ ಅಲ್ದಾ?" ಹೂಂ ಅಂದೆ. ಹೆಗಲ ಮೇಲಿದ್ದ ಮೂಟೇನ ಹಳ್ಳಕ್ಕೆ ಎಸೆದುಬಿಟ್ಲು, ಓಗರ್ ಅದರ ಹಿಂದೆ ನೀರಿಗೆ ಇಳೀತು, ಎಲ್ರೂ ಸಂಕ ದಾಟಿದ್ರು. ಹಳ್ಳದ ಕೆಳಗಡೆ ಎಲ್ಲೋ ಅದು ಇನ್ನೂ ಇದೆ, ಮುಂದಿನ ಆಟಕ್ಕೆ ಅಂತ ಅದರ ಹೆಸರಿನ ಮುಂದೆ ಎಚ್‌ಪಿ 22 ಅಂತ ಬರ್ದಿಟ್ಟಿದ್ದೀನಿ.