ಡೆಂಗಿ ನಕ್ಷೆ ಮಾಡುವುದು ಹೇಗೆ? ಮನೆ ವಿಳಾಸವೊಂದೇ ಸಾಲದು

ಮಳೆಗಾಲ ಬಂತೆಂದರೆ ಬೆಂಗಳೂರಿನ ಒಂದಲ್ಲ ಒಂದು ಬಡಾವಣೆಯಲ್ಲಿ ಡೆಂಗಿ. ಯಾವ ರಸ್ತೆಯಲ್ಲಿ ಜಾಸ್ತಿ, ಎಲ್ಲಿಂದ ಶುರುವಾಯಿತು ಅಂತ ಕೇಳಿದರೆ ಒಬ್ಬೊಬ್ಬರದು ಒಂದೊಂದು ಉತ್ತರ. ನಿವಾಸಿಗಳ ಸಂಘದವರು ಆಶಾ ಕಾರ್ಯಕರ್ತೆಯರ ಜೊತೆ ಕೂತು ಒಂದು ನಕ್ಷೆ ಮಾಡಿಕೊಂಡರೆ ಎಲ್ಲಿ ಮೊದಲು ಹುಡುಕಬೇಕು ಅನ್ನುವುದು ಗೊತ್ತಾಗುತ್ತದೆ. ಬಡಾವಣೆಯ ನಕ್ಷೆಯನ್ನು ದೊಡ್ಡದಾಗಿ ಪ್ರಿಂಟ್ ತೆಗೆಸಿ, ಬಣ್ಣದ ಪೆನ್ನು ಹಿಡಿದರೂ ಸಾಕು. ಕಂಪ್ಯೂಟರ್ ಬಲ್ಲವರಿಗೆ ಕ್ಯೂಜಿಐಎಸ್ ಎಂಬ ಉಚಿತ ತಂತ್ರಾಂಶ ಇದೆ.

ಮೊದಲು ಕೇಳಿ, ಆಮೇಲೆ ಚುಕ್ಕೆ ಇಡಿ

ಜ್ವರ ಬಂದವರಿಂದ ಮೂರು ವಿಷಯ ಬೇಕು: ಜ್ವರ ಶುರುವಾದ ದಿನ, ಮನೆ ಇರುವ ರಸ್ತೆ, ಹಗಲು ಕಳೆಯುವ ಜಾಗ. ರಕ್ತ ಪರೀಕ್ಷೆಯ ದಿನವನ್ನು ನೆಚ್ಚಬೇಡಿ. ಕೆಲವರು ಮರುದಿನವೇ ಲ್ಯಾಬಿಗೆ ಓಡುತ್ತಾರೆ, ಕೆಲವರು ಮಾತ್ರೆ ನುಂಗಿಕೊಂಡು ಐದು ದಿನ ತಳ್ಳುತ್ತಾರೆ.

ಹಗಲಿನ ಜಾಗವನ್ನು ಬಹಳ ಜನ ಕೇಳುವುದೇ ಇಲ್ಲ. ಆದರೆ ಡೆಂಗಿ ಹರಡುವ ಈಡಿಸ್ ಸೊಳ್ಳೆ ಹೆಚ್ಚಾಗಿ ಕಚ್ಚುವುದು ಹಗಲಲ್ಲೇ. ಹುಟ್ಟಿದ ಜಾಗ ಬಿಟ್ಟು ಬಹಳ ದೂರ ಹಾರುವುದೂ ಇಲ್ಲ, ಸಾಮಾನ್ಯವಾಗಿ ಕೆಲವು ನೂರು ಮೀಟರ್ ಅಷ್ಟೇ. ಕಚ್ಚಿದ 4ರಿಂದ 10 ದಿನಗಳಲ್ಲಿ ಜ್ವರ ಕಾಣಿಸುತ್ತದೆ. ಅಂದಮೇಲೆ, ಆ ದಿನಗಳಲ್ಲಿ ಅವರು ಹಗಲು ಎಲ್ಲಿದ್ದರು ಅನ್ನುವುದನ್ನು ಬಿಡುವಂತಿಲ್ಲ, ಅಲ್ವಾ?

ಲಗ್ಗೆರೆಯ ಮೂರು ಬೇರೆ ಬೇರೆ ಅಡ್ಡರಸ್ತೆಗಳಲ್ಲಿ ಮೂವರು ಹೆಣ್ಣುಮಕ್ಕಳಿಗೆ ಜ್ವರ ಬಂದಿದೆ ಅಂದುಕೊಳ್ಳಿ. ಮನೆಗಳ ಚುಕ್ಕೆ ನೋಡಿದರೆ ಒಂದಕ್ಕೊಂದು ಸಂಬಂಧವೇ ಕಾಣುವುದಿಲ್ಲ. ವಿಚಾರಿಸಿದರೆ ಮೂವರೂ ಪೀಣ್ಯದ ಒಂದೇ ಗಾರ್ಮೆಂಟ್ಸ್‌ನಲ್ಲಿ ಕೆಲಸಕ್ಕಿದ್ದಾರೆ. ಆಗ ಅವರ ಮನೆಯ ಹೂಕುಂಡ ನೋಡಿದರೆ ಸಾಲದು, ಆ ಶೆಡ್ಡಿನ ಹಿಂದೆ ಮುಚ್ಚಳವಿಲ್ಲದೆ ನಿಂತಿರುವ ಡ್ರಮ್ಮಿನಲ್ಲೂ ಟಾರ್ಚ್ ಬಿಟ್ಟು ನೋಡಬೇಕು.

1854ರಲ್ಲಿ ಲಂಡನ್ನಿನ ಸೋಹೋದಲ್ಲಿ ಕಾಲರಾ ಬಂದಾಗ ಜಾನ್ ಸ್ನೋ ಎಂಬ ವೈದ್ಯರು ಮಾಡಿದ್ದೂ ಇದೇ. ಸಾವುಗಳು ಬ್ರಾಡ್ ಸ್ಟ್ರೀಟಿನ ನೀರಿನ ಪಂಪಿನ ಸುತ್ತ ಗುಂಪುಗೂಡಿದ್ದವು. ಆದರೆ ದೂರದ ಹ್ಯಾಂಪ್‌ಸ್ಟೆಡ್‌ನಲ್ಲಿ ಒಬ್ಬ ಮಹಿಳೆ ಸತ್ತಿದ್ದರು. ವಿಚಾರಿಸಿದಾಗ, ರುಚಿ ಹಿಡಿಸಿತ್ತೆಂದು ಅವರು ಅದೇ ಪಂಪಿನ ನೀರು ತರಿಸಿಕೊಂಡು ಕುಡಿಯುತ್ತಿದ್ದರು ಅಂತ ತಿಳಿಯಿತು. ಪಂಪಿನ ಪಕ್ಕದ ಬಿಯರ್ ಕಾರ್ಖಾನೆಯ ಕೆಲಸಗಾರರು ಆ ನೀರು ಮುಟ್ಟುತ್ತಿರಲಿಲ್ಲ, ಅವರಲ್ಲಿ ಯಾರಿಗೂ ಕಾಯಿಲೆ ಜೋರಾಗಲಿಲ್ಲ. ನಿಮ್ಮ ನಕ್ಷೆಯಲ್ಲೂ ದೂರ ಬಿದ್ದ ಚುಕ್ಕೆಯನ್ನು, ಮಧ್ಯದ ಖಾಲಿ ಜಾಗವನ್ನು ಸುಮ್ನೆ ದಾಟಿ ಹೋಗಬೇಡಿ.

ವಾರಕ್ಕೊಂದು ಬಣ್ಣ

ಮೊದಲ ವಾರದ ಜ್ವರಕ್ಕೆ ಹಳದಿ, ಎರಡನೆಯದಕ್ಕೆ ಕಿತ್ತಳೆ, ಮೂರನೆಯದಕ್ಕೆ ಕೆಂಪು. ಮನೆಗೆ ದುಂಡು ಚುಕ್ಕೆ, ಹಗಲಿನ ಜಾಗಕ್ಕೆ ಚೌಕ. ಕಾಯಿಲೆ ಯಾವ ಕಡೆ ಸರಿಯುತ್ತಿದೆ ಅಂತ ಆಗ ಕಾಣುತ್ತದೆ. ನಂತರ ನೀರು ನಿಲ್ಲುವ ಜಾಗಗಳನ್ನು ಗುರುತಿಸಿ: ಕಟ್ಟುತ್ತಿರುವ ಕಟ್ಟಡದ ಲಿಫ್ಟ್ ಗುಂಡಿ, ತೆರೆದ ಸಂಪು, ಪಂಕ್ಚರ್ ಅಂಗಡಿಯ ಹಳೇ ಟಯರ್, ಎಳನೀರಿನ ಬುರುಡೆಗಳ ರಾಶಿ.

ಒಂದು ಎಚ್ಚರಿಕೆ. ಅಪಾರ್ಟ್‌ಮೆಂಟಿನಲ್ಲಿ ಹತ್ತು ಚುಕ್ಕೆ, ವಠಾರದಲ್ಲಿ ನಾಲ್ಕು ಇದ್ದರೆ ಅಪಾರ್ಟ್‌ಮೆಂಟೇ ಕೆಟ್ಟದ್ದು ಅಂತಲ್ಲ. ಸಾವಿರ ಜನರಲ್ಲಿ ಹತ್ತು, ಐವತ್ತು ಜನರಲ್ಲಿ ನಾಲ್ಕು ಅಂದರೆ ಲೆಕ್ಕವೇ ಬೇರೆ. ಹೆಸರು, ಮನೆ ನಂಬರ್ ಇರುವ ಪ್ರತಿಯನ್ನು ವಾಟ್ಸ್‌ಆ್ಯಪ್ ಗುಂಪಿಗೆ ಹಾಕಲೇಬೇಡಿ. ಜ್ವರ ಬಂದವರನ್ನು ಜನ ದೂರ ಇಡುವಂತಾಗಬಾರದು. ಹೊರಗೆ ತೋರಿಸುವ ನಕ್ಷೆಯಲ್ಲಿ ರಸ್ತೆವಾರು ಸಂಖ್ಯೆ ಸಾಕು.

ಒಂದೇ ಕಡೆ ಚುಕ್ಕೆಗಳ ಗುಂಪು ಕಂಡ ಕೂಡಲೇ ನಕ್ಷೆಯನ್ನು ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತೋರಿಸಿ, ಅಲ್ಲಿನ ನೀರು ಚೆಲ್ಲಿಸಿ. ಮೊಟ್ಟೆ ಸೊಳ್ಳೆಯಾಗಲು ಒಂದು ವಾರದ ಮೇಲೆ ಸ್ವಲ್ಪ ದಿನ ಸಾಕು. ಹಾಗಾಗಿ ವಾರಕ್ಕೊಮ್ಮೆ ಚೆಲ್ಲಲೇಬೇಕು. ಚೆಲ್ಲಿದ ಮೇಲೂ ಕೆಲವು ದಿನ ಹೊಸ ಚುಕ್ಕೆ ಬೀಳುತ್ತವೆ, ಗಾಬರಿ ಬೇಡ. ಅವರಲ್ಲಿ ಹಲವರಿಗೆ ಸೊಳ್ಳೆ ಮುಂಚೆಯೇ ಕಚ್ಚಿರುತ್ತದೆ. ಎರಡು ಮೂರು ವಾರ ಕಳೆದರೂ ಅದೇ ಜಾಗದಲ್ಲಿ ಚುಕ್ಕೆ ಬೀಳುತ್ತಿದ್ದರೆ, ನೀರು ಇನ್ನೆಲ್ಲೋ ನಿಂತಿದೆ ಅಂತಲೇ ಅನುಮಾನಿಸಿ ಮತ್ತೆ ಹುಡುಕಿ.