ಹೋಟೆಲ್ ಅಡುಗೆಮನೆಯ ತಪಾಸಣಾ ವರದಿ ಪಡೆಯುವುದು ಹೇಗೆ?

ಹುಬ್ಬಳ್ಳಿಯ ವಿದ್ಯಾನಗರದಲ್ಲಿ ಸಂಜೆಯಾದರೆ ಬರ್ಗರ್, ಗೋಬಿ ಮಂಚೂರಿ, ಫ್ರೈಡ್ ರೈಸ್ ಅಂಗಡಿಗಳ ಮುಂದೆ ಕಾಲೇಜು ಹುಡುಗರ ಗುಂಪು. ಕೌಂಟರ್ ಫಳಫಳ ಹೊಳೆಯುತ್ತದೆ. ಒಳಗಿನ ಅಡುಗೆಮನೆ ಹೇಗಿದೆ? ಆಹಾರ ಸುರಕ್ಷತಾಧಿಕಾರಿ ತಪಾಸಣೆ ಮಾಡಿದ್ದರೆ ಅದರ ವರದಿ ಇರುತ್ತದೆ. ಅದನ್ನು ನಾವೂ ಕೇಳಿ ಪಡೆಯಬಹುದು.

ಮೊದಲು ಬಿಲ್ ಇಟ್ಟುಕೊಳ್ಳಿ. 2022ರ ಜನವರಿಯಿಂದ ಬಿಲ್ಲಿನ ಮೇಲೆ 14 ಅಂಕಿಯ ಎಫ್‌ಎಸ್‌ಎಸ್‌ಎಐ (ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ) ಲೈಸೆನ್ಸ್ ನಂಬರ್ ಇರಲೇಬೇಕು. ಅದನ್ನು ಪ್ರಾಧಿಕಾರದ ಲೈಸೆನ್ಸ್ ಜಾಲತಾಣ ‘ಫಾಸ್ಕಾಸ್’ನಲ್ಲಿ (FoSCoS) ಹಾಕಿ ನೋಡಿ. ಅಲ್ಲಿರುವ ಹೆಸರು, ವಿಳಾಸ ಎರಡೂ ಅಂಗಡಿಯದಕ್ಕೆ ಹೊಂದಿಕೆಯಾಗಬೇಕು. ಒಂದೇ ಕಂಪನಿಯ ಅಂಗಡಿಗಳಾದರೂ ಪ್ರತಿ ಜಾಗಕ್ಕೆ ಬೇರೆ ಲೈಸೆನ್ಸ್ ಬೇಕು.

ನಂತರ ಮಾಹಿತಿ ಹಕ್ಕಿನ ಅರ್ಜಿ. ಜಿಲ್ಲಾ ಆಹಾರ ಸುರಕ್ಷತಾ ಅಂಕಿತಾಧಿಕಾರಿಯ ಕಚೇರಿಗೆ ಬರೆಯಿರಿ. ಶುಲ್ಕ 10 ರೂಪಾಯಿ. ನಮ್ಮ ರಾಜ್ಯದಲ್ಲಿ ಒಂದು ಅರ್ಜಿಯಲ್ಲಿ ಒಂದೇ ವಿಷಯ, ಅದೂ 150 ಪದಗಳ ಒಳಗೆ. ಹಾಗಾಗಿ ‘ಯಾಕೆ ಕ್ರಮ ಆಗಿಲ್ಲ’ ಎಂದು ಜಗಳ ತೆಗೆಯಬೇಡಿ. ಅಂಗಡಿಯ ಹೆಸರು, ಲೈಸೆನ್ಸ್ ನಂಬರ್ ಬರೆದು, ಕಳೆದ ಎರಡು ವರ್ಷಗಳ ತಪಾಸಣಾ ವರದಿ, ಆಹಾರ ಸುರಕ್ಷತಾ ಕಾಯ್ದೆಯ ಸೆಕ್ಷನ್ 32ರ ಸುಧಾರಣಾ ನೋಟಿಸ್ (ಕೊರತೆ ಸರಿಪಡಿಸಿ ಎಂಬ ಸೂಚನೆ), ಸ್ಯಾಂಪಲ್ ಪರೀಕ್ಷೆಯ ಫಲಿತಾಂಶ, ಇವುಗಳ ಪ್ರತಿ ಕೊಡಿ ಎಂದಷ್ಟೇ ಕೇಳಿ. ಉತ್ತರಕ್ಕೆ 30 ದಿನ ಗಡುವು. ಬರದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ ಹಾಕಿ.

ವರದಿ ಕೈಗೆ ಬಂದಾಗ ಒಟ್ಟು ಅಂಕ ನೋಡಿ ಸುಮ್ನೆ ಮಡಚಿಡಬೇಡಿ. ವರದಿಯ ತಪಾಸಣಾ ಪಟ್ಟಿಯಲ್ಲಿ ನಕ್ಷತ್ರದ (*) ಗುರುತು ಇರುವ ಅಂಶಗಳೇ ಮುಖ್ಯ. ನೀರಿನ ಪರೀಕ್ಷೆ ಆಗಿದೆಯೇ? ಕೆಲಸಗಾರರಿಗೆ ವರ್ಷಕ್ಕೊಮ್ಮೆ ವೈದ್ಯಕೀಯ ತಪಾಸಣೆ ನಡೆದಿದೆಯೇ? ಹಸಿ ಮಾಂಸ, ಬೆಂದ ಅಡುಗೆ ಬೇರೆ ಬೇರೆ ಇವೆಯೇ? ಕರಿದ ಎಣ್ಣೆಯನ್ನೂ ಗಮನಿಸಿ. ಮತ್ತೆ ಮತ್ತೆ ಕಾಯಿಸಿದಂತೆ ಅದರಲ್ಲಿ ‘ಪೋಲಾರ್ ಸಂಯುಕ್ತ’ಗಳು, ಅಂದರೆ ಎಣ್ಣೆ ಕೆಡುವಾಗ ಹುಟ್ಟುವ ವಸ್ತುಗಳು, ಜಾಸ್ತಿಯಾಗುತ್ತವೆ. ಅವು ಶೇ 25 ದಾಟಿದರೆ ಆ ಎಣ್ಣೆ ಬಳಸುವಂತಿಲ್ಲ. ಗೋಬಿ ಮಂಚೂರಿ, ಕಬಾಬ್‌ಗೆ ಕೃತಕ ಬಣ್ಣ ಹಾಕುವುದನ್ನು ರಾಜ್ಯ ಸರ್ಕಾರ 2024ರಲ್ಲೇ ನಿಷೇಧಿಸಿದೆ. ಸ್ಯಾಂಪಲ್ ಫಲಿತಾಂಶದಲ್ಲಿ ಅದನ್ನೂ ಹುಡುಕಿ.

ಎರಡು ವರದಿ ಸಿಕ್ಕರೆ ಪಕ್ಕಪಕ್ಕ ಇಟ್ಟು ಓದಿ. ಒಮ್ಮೆ ತಪ್ಪು ಕಂಡು, ಮುಂದಿನ ಸಲ ಸರಿಪಡಿಸಿದವರನ್ನು ದೂರುವುದು ನ್ಯಾಯವಲ್ಲ, ಅಲ್ವಾ? ಅದೇ ಕೊರತೆ ಮತ್ತೆ ಬರೆದಿದ್ದರೆ ಮಾತ್ರ ಬಿಡಬೇಡಿ. ತಪಾಸಣೆಯೇ ನಡೆದಿಲ್ಲ ಎಂಬ ಉತ್ತರ ಬಂದರೆ ಅದನ್ನೂ ಜೋಪಾನ ಮಾಡಿ, ತಪಾಸಣೆ ನಡೆಸಿ ಎಂದು ಬರೆಯಲು ಅದೇ ಆಧಾರ. ‘ಫುಡ್ ಸೇಫ್ಟಿ ಕನೆಕ್ಟ್’ ಆ್ಯಪ್‌ನಲ್ಲೂ ದೂರು ಕೊಡಬಹುದು. ಬಿಲ್ ಮತ್ತು ಫೋಟೊ ಜೊತೆಗಿರಲಿ.